ಬಾಗಲಕೋಟೆಯ ಮರದ ದೋಣಿಗಳ ಕೂಟ: ನೀರಿಗಿಳಿದದ್ದು ಉತ್ತಮ, ದಡದಲ್ಲಿ ನಿಂತದ್ದು ಸಾಧಾರಣ

ಸಂಕ್ರಾಂತಿಯ ಬೆನ್ನಿಗೆ ಬಂದ ಶನಿವಾರ ಮತ್ತು ಭಾನುವಾರಗಳಂದು ಬಾಗಲಕೋಟೆಯ ಸಮೀಪ, ಆಲಮಟ್ಟಿ ಹಿನ್ನೀರಿನ ದಂಡೆಯ ಮೇಲೆ, ಮರದ ಸಣ್ಣ ದೋಣಿಗಳ ಕೂಟವೊಂದು ನಡೆಯಿತು. ಮೀನುಗಾರರು, ದೋಣಿ ಕಟ್ಟುವ ಬಡಿಗೇರರು, ಹರಿಗೋಲು ಹೆಣೆಯುವ ಮೇದಾರರು ಮತ್ತು ದೋಣಿಯ ಹುಚ್ಚು ಹತ್ತಿಸಿಕೊಂಡ ಹವ್ಯಾಸಿಗಳು ಸೇರಿ ತಮ್ಮ ತಮ್ಮೊಳಗೆ ವಂತಿಗೆ ಎತ್ತಿ ನಡೆಸಿದ ಈ ಕೂಟಕ್ಕೆ ಪ್ರವೇಶಧನವಿರಲಿಲ್ಲ. ದೋಣಿಯಲ್ಲಿ ಒಂದು ಸುತ್ತು ಹೋಗಿ ಬರಲು ತಲೆಗೆ 50 ರೂಪಾಯಿ, ಹರಿಗೋಲು ಹೆಣಿಗೆಯ ತರಗತಿಗೆ 200 ರೂಪಾಯಿ ನಿಗದಿಯಾಗಿತ್ತು. ಕೊಟ್ಟ ಹಣಕ್ಕೆ ಮೋಸವಿಲ್ಲ. ದೂರದಿಂದ ಬಂದವರೂ ಬಂದದ್ದು ವ್ಯರ್ಥವಾಯಿತೆನ್ನುವಂತಿಲ್ಲ. ಆದರೆ ನೀರಿಗೆ ಇಳಿಸಿದ್ದ ದೋಣಿಗಳ ಭಾಗಕ್ಕೂ ದಡದಲ್ಲಿ ಶಾಮಿಯಾನದ ಮುಂದೆ ಸಾಲಾಗಿ ನಿಲ್ಲಿಸಿದ್ದ ದೋಣಿಗಳ ಭಾಗಕ್ಕೂ ಒಂದೇ ಅಂಕ ಕೊಡಲು ಸಾಧ್ಯವಿಲ್ಲ. ಮೊದಲನೆಯದು ನಾನು ಈ ಸೀಮೆಯಲ್ಲಿ ನೋಡಿದ ಪ್ರದರ್ಶನಗಳಲ್ಲಿಯೇ ಅತ್ಯಂತ ಉಪಯುಕ್ತವಾದದ್ದು. ಎರಡನೆಯದು ನೋಡುವವರಿಗೆ ಕಲಿಸಿದ್ದು ಕಡಿಮೆ, ದೋಣಿಗಳಿಗೆ ಮಾಡಿದ ಹಾನಿಯೇ ಹೆಚ್ಚು.

ಬಯಲುಸೀಮೆಯ ಬಾಗಲಕೋಟೆಗೂ ದೋಣಿಗೂ ಏನು ಸಂಬಂಧವೆಂದು ಬೆಂಗಳೂರಿನ ಕಡೆಯಿಂದ ಬಂದಿದ್ದ ಕೆಲವರು ಅಲ್ಲಿಯೇ ಕೇಳುತ್ತಿದ್ದರು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಈ ಮೂರೂ ನದಿಗಳು ಈ ಜಿಲ್ಲೆಯನ್ನು ಹಾಯ್ದು ಹೋಗುತ್ತವೆ; ಸೇತುವೆಗಳು ಬರುವ ಮೊದಲು ಮಳೆಗಾಲದಲ್ಲಿ ಊರಿಂದೂರಿಗೆ ಹೋಗಬೇಕಾದರೆ ಅಂಬಿಗನನ್ನು ಕೂಗಿ ಕರೆಯದೆ ಬೇರೆ ದಾರಿಯಿರಲಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಂತಾಗ ಜಲಾಶಯದಲ್ಲಿ 123 ಟಿಎಂಸಿ ಅಡಿಯಷ್ಟು ನೀರು ಸಂಗ್ರಹವಾಗುತ್ತದೆ. ಆ ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳು ಮುಳುಗಿ, ಜನ ನವನಗರಕ್ಕೆ ಹೋಗಿ ನೆಲೆಸಿದರು. ಹೀಗೆ ಹರಿಯುವ ಹೊಳೆಯನ್ನು ದಾಟಿಸುತ್ತಿದ್ದ ದೋಣಿಗೆ ನಿಂತ ನೀರಿನಲ್ಲಿ ಬಲೆ ಬೀಸುವ ಕೆಲಸ ಬಂತು. ಸೇತುವೆಯಿಲ್ಲದ ಕಡೆಗಳಲ್ಲಿ ಹಳೆಯ ಕೆಲಸವೂ ಉಳಿಯಿತು. ರಬಕವಿಯಿಂದ ಮಹಿಷವಾಡಗಿಯ ದಂಡೆಗೆ ಬೈಕನ್ನೂ ಹೇರಿಕೊಂಡು ದೋಣಿಯಲ್ಲಿ ದಾಟಿದವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಇಂಥ ಕೂಟಕ್ಕೆ ಬಾಗಲಕೋಟೆಗಿಂತ ಸರಿಯಾದ ಜಾಗವನ್ನು ಹುಡುಕುವುದು ಕಷ್ಟ, ಮತ್ತು ಸಂಘಟಕರು ಆ ಜಾಗವನ್ನು ಆರಿಸಿದ್ದಕ್ಕೆ ಮೊದಲ ಮೆಚ್ಚುಗೆ ಸಲ್ಲಬೇಕು.

ನೀರಿನಲ್ಲಿದ್ದ ದೋಣಿಗಳಲ್ಲಿ ಹೆಚ್ಚಿನವು ಇಲ್ಲಿನ ಮೀನುಗಾರರ ದಿನನಿತ್ಯದ ದೋಣಿಗಳು. ಅವುಗಳಿಗೆ ಹೊಸ ಬಣ್ಣ ಬಳಿದಿರಲಿಲ್ಲ. ಬಲೆ, ನೀರು ತೋಡುವ ತಂಬಿಗೆ, ಹರಿದ ಚೀಲ, ಲಂಗರಿನ ಬದಲಿಗೆ ಹಗ್ಗ ಕಟ್ಟಿದ ಕಲ್ಲು ಎಲ್ಲವೂ ಇದ್ದ ಹಾಗೆಯೇ ಇದ್ದವು. ತಳ ಚಪ್ಪಟೆಯಾಗಿದ್ದು, ಎರಡೂ ತುದಿಗಳು ಸ್ವಲ್ಪ ಮೇಲಕ್ಕೆದ್ದು, ಪಕ್ಕದ ಹಲಗೆಗಳು ಹೊರಕ್ಕೆ ವಾಲಿಕೊಂಡಿರುವ ಈ ಕಟ್ಟಣಿಗೆಯನ್ನು ಚಿತ್ರದಲ್ಲಿ ನೋಡಿದವರು ಒರಟು ಕೆಲಸವೆಂದು ತಳ್ಳಿಹಾಕಬಹುದು. ಆದರೆ ಇದರ ಹಿಂದಿನ ಲೆಕ್ಕಾಚಾರ ಬಹಳ ಗಟ್ಟಿಯಾದದ್ದು. ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬಹುದೂರ ಸರಿದುಹೋಗುವ ಹಿನ್ನೀರಿನಲ್ಲಿ ದಂಡೆಯ ಬಳಿ ಆಳವಿರುವುದಿಲ್ಲ, ಕೆಳಗೆ ಎರೆಮಣ್ಣಿನ ಕೆಸರಿರುತ್ತದೆ. ಅಲ್ಲಿ ಚೂಪು ತಳದ ದೋಣಿ ಹೂತು ನಿಲ್ಲುತ್ತದೆ, ಚಪ್ಪಟೆ ತಳದ್ದು ಮೊಣಕಾಲುದ್ದ ನೀರಿನಲ್ಲಿಯೂ ತೇಲುತ್ತದೆ. ಹುಟ್ಟು ಹಾಕಲು ಸ್ಥಳವಿಲ್ಲದ ಕಡೆ ಗಳೆಯೂರಿ ನೂಕಿದರೆ ಸಾಕು. ಆರು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಳವಿರುವ ದೋಣಿಗೆ 60 ಕಿಲೋ ತೂಕದ ಒಬ್ಬನು ಹತ್ತಿದರೆ ಅದು ನೀರಿನಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಈ ಸರಳ ಲೆಕ್ಕವನ್ನು ಇಂಜಿನಿಯರಿಂಗ್ ಓದುವ ಹುಡುಗರಿಬ್ಬರು ದೋಣಿಯ ಪಕ್ಕಕ್ಕೆ ಸುಣ್ಣದ ಗೆರೆಗಳನ್ನು ಎಳೆದು, ನೋಡಲು ಬಂದವರನ್ನೇ ಒಬ್ಬೊಬ್ಬರಾಗಿ ಹತ್ತಿಸಿ ತೋರಿಸಿದರು. ಇಡೀ ಕೂಟದಲ್ಲಿ ಮಕ್ಕಳು ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದು ಇದನ್ನೇ.

ಎರಡು ದೋಣಿಗಳನ್ನು ಸ್ವಲ್ಪ ಅಂತರ ಬಿಟ್ಟು ಅಕ್ಕಪಕ್ಕದಲ್ಲಿರಿಸಿ, ಮೇಲೆ ಅಡ್ಡಕ್ಕೆ ತೊಲೆ ಕಟ್ಟಿ, ಹಲಗೆ ಹಾಸಿ ಮಾಡಿದ ಜೋಡುದೋಣಿಯೂ ಒಂದು ಬಂದಿತ್ತು. ದನ, ಬೈಕು, ಮೇವಿನ ಹೊರೆಗಳನ್ನು ದಾಟಿಸುವುದು ಇದರಲ್ಲಿಯೇ. ದೋಣಿಯು ಮಗುಚದೆ ನಿಲ್ಲುವುದಕ್ಕೆ ಅದರ ಉದ್ದಕ್ಕಿಂತ ಅಗಲವೇ ಮುಖ್ಯ. ಎರಡನ್ನು ಜೋಡಿಸಿದಾಗ ಒಟ್ಟು ಅಗಲ ಹೆಚ್ಚುವುದರಿಂದ, ಒಂಟಿ ದೋಣಿಯಲ್ಲಿ ಎದ್ದು ನಿಲ್ಲಲೂ ಹೆದರುವ ಎಮ್ಮೆ ಇದರ ಮೇಲೆ ಮೆಲುಕು ಹಾಕುತ್ತ ನಿಂತಿರುತ್ತದೆ. ಹಗ್ಗದ ಕಟ್ಟನ್ನು ಹೇಗೆ ಹಾಕಬೇಕು, ಎಲ್ಲಿ ಸಡಿಲು ಬಿಡಬೇಕು, ತೊಲೆಯನ್ನು ದೋಣಿಗೆ ಮೊಳೆ ಹೊಡೆದು ಕೂರಿಸಿದರೆ ಅಲೆಗೆ ಹಲಗೆ ಏಕೆ ಸೀಳುತ್ತದೆ ಎಂಬುದನ್ನು ಅದರ ಯಜಮಾನರು ಎರಡೂ ದಿನ ಬಿಡಿಸಿ ಕಟ್ಟಿ ತೋರಿಸಿದರು. ಅವರ ಮುಂದೆ ಮೈಕೂ ಇರಲಿಲ್ಲ, ಫಲಕವೂ ಇರಲಿಲ್ಲ. ಕೇಳಿದ ಪ್ರಶ್ನೆಗೆಲ್ಲ ಕೆಲಸ ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದರು.

ಈಗ ದಡದ ಮೇಲಿನ ಸಾಲಿಗೆ ಬರುತ್ತೇನೆ. ಅತಿಥಿಗಳ ವೇದಿಕೆಯ ಎದುರಿಗೆ, ದೊಡ್ಡ ಬ್ಯಾನರಿನ ಕೆಳಗೆ, ಚೆಂದವಾಗಿ ಕಟ್ಟಿದ ಹಲವು ದೋಣಿಗಳನ್ನು ಮರದ ಆಸರೆಗಳ ಮೇಲೆ ಎತ್ತಿ ನಿಲ್ಲಿಸಿದ್ದರು. ಅವುಗಳಲ್ಲಿ ಒಂದು ಸಾಗವಾನಿಯ ಹಲಗೆ ಮತ್ತು ಜಾಲಿಯ ಬಾಗುಮರಗಳಿಂದ ಮಾಡಿದ ಹಳೆಯ ದೋಣಿ. ಕೆಲಸದ ನಾಜೂಕಿನಲ್ಲಿ ಕೂಟದಲ್ಲಿದ್ದ ಬೇರಾವುದೂ ಅದಕ್ಕೆ ಸಾಟಿಯಾಗಿರಲಿಲ್ಲ. ಜಾಲಿಯನ್ನು ಈ ಕಡೆಯವರು ಬಂಡಿಯ ಗಾಲಿಗೂ ಕೃಷಿಯ ಉಪಕರಣಗಳಿಗೂ ಬಳಸುವುದು ಅದರ ಗಟ್ಟಿತನಕ್ಕಾಗಿ. ದೋಣಿಗೆ ಬಳಸುವಾಗ ಇನ್ನೊಂದು ಲಾಭವಿದೆ. ಜಾಲಿಯ ಕೊಂಬೆ ಹುಟ್ಟಿನಿಂದಲೇ ಡೊಂಕಾಗಿರುವುದರಿಂದ, ದೋಣಿಯ ಒಳಬಾಗಿಗೆ ಹೊಂದುವ ಕೊಂಬೆಯನ್ನು ಆರಿಸಿಕೊಂಡರೆ ಮರದ ಎಳೆ ಎಲ್ಲಿಯೂ ಕಡಿಯದೆ ಬಾಗಿನ ಜೊತೆಗೇ ಸಾಗುತ್ತದೆ. ನೇರ ತೊಲೆಯನ್ನು ಬಾಚಿಯಿಂದ ಕೆತ್ತಿ ಬಾಗಿಸಿದರೆ ಎಳೆ ತುಂಡಾಗಿ ಅಲ್ಲಿಯೇ ಒಡೆಯುತ್ತದೆ. ಇಂಥ ಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿದ್ದು ಸಂತೋಷವೇ.

ಆದರೆ ಶನಿವಾರ ಬೆಳಿಗ್ಗೆ ಕೂದಲೆಳೆ ಹೋಗದಷ್ಟು ಬಿಗಿಯಾಗಿದ್ದ ಅದರ ತಳದ ಸಂದುಗಳಲ್ಲಿ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬೆಳಕು ಕಾಣುತ್ತಿತ್ತು. ಜನವರಿಯಾದರೂ ಬಾಗಲಕೋಟೆಯ ಮಧ್ಯಾಹ್ನದ ಬಿಸಿಲು ಮತ್ತು ಒಣಗಾಳಿ ಕಡಿಮೆಯವಲ್ಲ. ಮರ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಕುಗ್ಗುವಿಕೆ ಎಳೆಯ ಉದ್ದಕ್ಕೆ ಗಣನೆಗೆ ಬಾರದಷ್ಟು ಅಲ್ಪ, ಅಡ್ಡಕ್ಕೆ ಬಹಳ ಹೆಚ್ಚು. ಅಡ್ಡಕ್ಕೆಂದರೂ ಮರದ ವರ್ಷಬಳೆಯ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಆದ್ದರಿಂದ ದಿಮ್ಮಿಯಿಂದ ಹಲಗೆಯನ್ನು ಯಾವ ಕಡೆಯಿಂದ ಕೊಯ್ದಿದ್ದಾರೆಂಬುದರ ಮೇಲೆ ಅದು ಎಷ್ಟು ಸಂದು ಬಿಡುತ್ತದೆ, ಎಷ್ಟು ಸೆಟೆಯುತ್ತದೆ ಎಂಬುದು ನಿಂತಿದೆ. ಸಾಗವಾನಿ ಉಳಿದ ಮರಗಳಿಗಿಂತ ಕಡಿಮೆ ಕುಗ್ಗುವ ಜಾತಿಯಾದ್ದರಿಂದಲೇ ದೋಣಿಯವರು ಅದಕ್ಕೆ ಅಷ್ಟು ಬೆಲೆ ಕೊಡುವುದು. ಅಂಥ ಸಾಗವಾನಿಯೇ ಎರಡು ದಿನದಲ್ಲಿ ಸಂದು ಬಿಟ್ಟಿತೆಂದರೆ, ಪಕ್ಕದಲ್ಲಿದ್ದ ಮಾವಿನ ಹಲಗೆಯ ದೋಣಿಯ ಗತಿಯನ್ನು ಊಹಿಸಬಹುದು. ಆ ದೋಣಿ ಕಟ್ಟಿದ ಹಿರಿಯ ಬಡಿಗೇರರನ್ನು, “ಕಾಕಾ, ಇದನ್ನ ನೀರಾಗ ಯಾಕ ಬಿಡಲಿಲ್ರಿ?” ಎಂದು ಕೇಳಿದಾಗ, ಅವರು ಬ್ಯಾನರಿನ ಕಡೆಗೆ ಕೈ ಮಾಡಿ, “ಬಿಸಲಾಗ ನಿಂದರಸಬ್ಯಾಡ್ರಿ ಅಂತ ಮೊದಲ ಹೇಳೇನ್ರಿ. ಇಲ್ಲಿದ್ರ ಫೋಟೋ ಚೊಲೊ ಬರತೈತಿ ಅಂದ್ರು” ಎಂದಷ್ಟೇ ಹೇಳಿದರು.

ದೋಣಿಯನ್ನು ದಡಕ್ಕೆ ಎಳೆದಾಗ ಒಳಗೆ ಒದ್ದೆ ಗೋಣಿಚೀಲ ಹಾಸುವುದು, ಮೇಲೆ ಮೇವು ಅಥವಾ ತೆಂಗಿನ ಗರಿ ಮುಚ್ಚುವುದು, ಬಹಳ ದಿನ ಬಳಸದಿದ್ದರೆ ಕಲ್ಲು ತುಂಬಿ ತಗ್ಗು ನೀರಿನಲ್ಲಿ ಮುಳುಗಿಸಿಡುವುದು, ಮತ್ತೆ ಎತ್ತಿದ ಮೇಲೆ ಬಿಟ್ಟ ಸಂದುಗಳಿಗೆ ಹತ್ತಿಯ ಎಳೆಯನ್ನು ಉಳಿ ಮತ್ತು ಕೊಡತಿಯಿಂದ ತುರುಕಿ ಮೇಲೆ ರಾಳ ಅಥವಾ ಡಾಂಬರು ಸವರುವುದು, ಇವೆಲ್ಲ ಇಲ್ಲಿ ನೆರೆದಿದ್ದ ಬಡಿಗೇರರಿಗೂ ಮೀನುಗಾರರಿಗೂ ನಿತ್ಯದ ಕೆಲಸಗಳು. ಅವರನ್ನೇ ಕೇಳಿದ್ದರೆ ಈ ಅನಾಹುತವಾಗುತ್ತಿರಲಿಲ್ಲ. ಸಂದಿಗೆ ಹತ್ತಿ ತುರುಕುವಾಗಲೂ ಒಂದು ಎಚ್ಚರ ಬೇಕು: ಹಲಗೆ ಪೂರ್ತಿ ಒಣಗಿದ್ದಾಗ ಸಂದನ್ನು ಬಿಗಿಯಾಗಿ ತುಂಬಿಬಿಟ್ಟರೆ, ನೀರಿಗಿಳಿಸಿದ ಮೇಲೆ ಉಬ್ಬುವ ಹಲಗೆಗೆ ಹೋಗಲು ಜಾಗವಿಲ್ಲದೆ ಮೊಳೆಗಳನ್ನೇ ಕಿತ್ತು ಹಾಕುತ್ತದೆ. ಭಾನುವಾರ ಸಂಜೆ ದೋಣಿಯ ಸಂದು ಕಂಡು ಗಾಬರಿಯಾದ ಸ್ವಯಂಸೇವಕನೊಬ್ಬನು ಎಲ್ಲಿಂದಲೋ ಎಂ-ಸೀಲ್ ತಂದು ತುಂಬಲು ಹೊರಟಿದ್ದನು. ಬಡಿಗೇರರು ಅವನನ್ನು ತಡೆದದ್ದು ದೋಣಿಯ ಪುಣ್ಯ.

ಕೂಟದ ಅತ್ಯುತ್ತಮ ಭಾಗವೆಂದರೆ ಹರಿಗೋಲು ಹೆಣಿಗೆ. ಶುದ್ಧಾಂಗವಾಗಿ ಹೇಳುವುದಾದರೆ ಹರಿಗೋಲು ಮರದ ದೋಣಿಯಲ್ಲ, ಬಿದಿರಿನದು; ಹವ್ಯಾಸಿಗಳಲ್ಲಿ ಕೆಲವರು ಇದನ್ನು ಹಿಡಿದು ಗೊಣಗುತ್ತಲೂ ಇದ್ದರು. ಆ ಗೊಣಗಾಟಕ್ಕೆ ಅರ್ಥವಿಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ದಾಟಲು ಜನ ಬಳಸುತ್ತಿದ್ದ ಬುಟ್ಟಿಯಂತೆ ದುಂಡಗಿನ ದೋಣಿಗಳನ್ನು ವರ್ಣಿಸಿ, ಅವುಗಳ ಹೊರಮೈಗೆ ತೊಗಲು ಹೊದಿಸಿರುತ್ತಿತ್ತೆಂದೂ, ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರೆಂದೂ, ನೆಟ್ಟಗೆ ಹೋಗಲಾರದೆ ಸುತ್ತುತ್ತ ಸುತ್ತುತ್ತ ಹೋಗುತ್ತಿದ್ದವೆಂದೂ, ಈ ರಾಜ್ಯದ ಹೊಳೆಗಳಲ್ಲಿ ಇವಲ್ಲದೆ ಬೇರೆ ದೋಣಿಗಳೇ ಇಲ್ಲವೆಂದೂ ಬರೆದಿಟ್ಟಿದ್ದಾನೆ. ನಮ್ಮ ಹೊಳೆಗಳ ದೋಣಿಯ ಕೂಟವನ್ನು ಹರಿಗೋಲಿಲ್ಲದೆ ಮಾಡುವುದು ಹೇಗೆ?

ಮೊದಲು ಬಿದಿರಿನ ದಬ್ಬೆಗಳನ್ನು ಸೀಳಿ ನೆನೆಹಾಕಿ, ನೆಲದ ಮೇಲೆ ಜೋಡಿ ಜೋಡಿಯಾಗಿ ಒಂದರ ಮೇಲೊಂದು ಅಡ್ಡಡ್ಡ ಹಾಯಿಸಿ ಜಾಳಿಗೆಯಾಗಿ ಹೆಣೆದರು. ತಳದ ಅಗಲ ಸಾಕೆನಿಸಿದ ಮೇಲೆ ನಡುವೆ ಕಲ್ಲುಗಳನ್ನು ಹೇರಿ, ಹೊರಗೆ ಉಳಿದ ತುದಿಗಳನ್ನು ಮೇಲಕ್ಕೆ ಬಗ್ಗಿಸಿ, ಬಾಯಿಯ ಸುತ್ತ ದಪ್ಪ ಬಳೆಯನ್ನು ಸುತ್ತಿ ಬಿಗಿದರು. ಹಿಂದೆ ಹೊದಿಸುತ್ತಿದ್ದ ತೊಗಲಿನ ಜಾಗದಲ್ಲಿ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ತರಗತಿಗೆ ಸೇರಿದವರ ಕೈಗೆ ದಬ್ಬೆ ಕೊಟ್ಟು ಹೆಣೆಸಿದರೇ ಹೊರತು, ಎದುರಿಗೆ ಕೂರಿಸಿ ಭಾಷಣ ಮಾಡಲಿಲ್ಲ. ಮೇದಾರ ಅಕ್ಕನೊಬ್ಬರು ನನ್ನ ಪಕ್ಕದಲ್ಲಿದ್ದ ಕಾಲೇಜಿನ ಹುಡುಗಿಯ ಕೈ ಹಿಡಿದು, ದಬ್ಬೆಯ ಹೊರಮೈ ಯಾವಾಗಲೂ ನೀರಿನ ಕಡೆಗೇ ಇರಬೇಕೆಂದೂ ಒಳತಿರುಳು ಬೇಗ ಕೊಳೆಯುತ್ತದೆಂದೂ ತಿದ್ದಿ ತೋರಿಸಿದರು. ಸಿದ್ಧವಾದ ಹರಿಗೋಲನ್ನು ಭಾನುವಾರ ಮಧ್ಯಾಹ್ನ ನೀರಿಗಿಳಿಸಿ ಹೆಣೆದವರನ್ನೇ ಹತ್ತಿಸಿದರು; ಅಷ್ಟರಲ್ಲಿ ಹಿನ್ನೀರಿನ ಮೇಲೆ ಗಾಳಿ ಎದ್ದಿತ್ತು, ಹುಟ್ಟು ಹಿಡಿದು ಬೀಗುತ್ತಿದ್ದ ಹುಡುಗರೆಲ್ಲ ಗಿರಗಿರನೆ ತಿರುಗಿ ಹೊರಟಲ್ಲಿಗೇ ಬಂದರು. ಹುಟ್ಟನ್ನು ಪಕ್ಕಕ್ಕೆ ಹಾಕದೆ ಮುಂದುಗಡೆಗೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕೆಂಬುದು ಆಗ ಎಲ್ಲರಿಗೂ ತಿಳಿಯಿತು. 200 ರೂಪಾಯಿಗೆ ಇದಕ್ಕಿಂತ ಹೆಚ್ಚಿನದನ್ನು ಯಾರೂ ಕಲಿಸಲಾರರು.

ಕರಾವಳಿಯಿಂದ ಲಾರಿಯಲ್ಲಿ ಬಂದ ದೋಣಿಗಳು ಕೆಲವೇ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಪಾತಿಯೊಂದು ಬಂದಿತ್ತು. ಉಪ್ಪುನೀರಿನಲ್ಲಿ ಮರವನ್ನು ಕೊರೆದು ತಿನ್ನುವ ಜೀವಿಗಳು ಇರುವುದರಿಂದ ಅಲ್ಲಿನವರು ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಸವರುತ್ತಾರೆ. ಸಿಹಿನೀರಿನ ನಮ್ಮ ದೋಣಿಗಳಿಗೆ ಆ ಕಾಟವಿಲ್ಲ, ಆದರೆ ದಡಕ್ಕೆಳೆದು ಬಿಟ್ಟರೆ ಗೆದ್ದಲು ಕಾದಿರುತ್ತದೆ. ಈ ವ್ಯತ್ಯಾಸವನ್ನು ಎರಡು ಕಡೆಯವರು ಎದುರುಬದುರು ಕುಳಿತು ಮಾತಾಡಿಕೊಂಡದ್ದನ್ನು ಕೇಳುವುದೇ ಒಂದು ಪಾಠವಾಗಿತ್ತು. ಕಬ್ಬಿಣದ ಮೊಳೆಯ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ರಾಗ ಹಾಡಿದರು: ತುಕ್ಕು ಹಿಡಿದ ಮೊಳೆ ಉಬ್ಬಿ ಹಲಗೆಯನ್ನು ಸೀಳುತ್ತದೆ, ಸುತ್ತಲಿನ ಮರವನ್ನೂ ಕಪ್ಪಾಗಿಸಿ ಲಡ್ಡು ಹಿಡಿಸುತ್ತದೆ, ತಾಮ್ರದ ಮೊಳೆ ಹಾಕೋಣವೆಂದರೆ ದುಡ್ಡು ಸಾಲದು.

ಮೊಳೆಯೇ ಇಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವ ವಿಧಾನದ ಬಗ್ಗೆ ಒಂದು ಮಳಿಗೆಯಿತ್ತು. ಅಜಂತಾದ ಐದನೆಯ ಶತಮಾನದ ಚಿತ್ರದಲ್ಲಿರುವ ಹಡಗನ್ನು ಆಧರಿಸಿ ಹೀಗೆಯೇ ಹೊಲಿದು ಕಟ್ಟಿದ ‘ಐಎನ್‌ಎಸ್‌ವಿ ಕೌಂಡಿನ್ಯ’ವನ್ನು ನೌಕಾಪಡೆಯು 2025ರ ಮೇ 21ರಂದು ಕಾರವಾರದಲ್ಲಿ ಸೇರಿಸಿಕೊಂಡ ಸಂಗತಿಯನ್ನು ಅಲ್ಲಿ ಚಿತ್ರಗಳೊಂದಿಗೆ ವಿವರಿಸಿದ್ದರು. ಒಂದಿಷ್ಟು ಹಲಗೆ ಮತ್ತು ಹುರಿಯನ್ನು ಇಟ್ಟು ಬಂದವರಿಂದ ನಾಲ್ಕು ಹೊಲಿಗೆ ಹಾಕಿಸಿದ್ದರೆ ಮಳಿಗೆಗೆ ಜೀವ ಬರುತ್ತಿತ್ತು. ಬರೀ ಫಲಕಗಳಾದ್ದರಿಂದ ಜನ ನಿಲ್ಲದೆ ಹೋಗುತ್ತಿದ್ದರು. ಇನ್ನು, ಅಜಂತಾದವರೆಗೆ ಹೋದ ಸಂಘಟಕರು ಐಹೊಳೆಗೆ ಹೋಗಲಿಲ್ಲವಲ್ಲ ಎಂಬುದು ನನ್ನ ಆಕ್ಷೇಪ. ಇದೇ ಜಿಲ್ಲೆಯ ಐಹೊಳೆಯ ಮೇಗುತಿ ಬಸದಿಯಲ್ಲಿ, 634ರ ರವಿಕೀರ್ತಿಯ ಶಾಸನದಲ್ಲಿ, ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಸಿರಿಯೆನಿಸಿದ್ದ ಪುರಿಯನ್ನು ಮದಗಜಗಳ ಸಾಲಿನಂತೆ ತೋರುತ್ತಿದ್ದ ನೂರಾರು ಹಡಗುಗಳಿಂದ ಮುತ್ತಿದನೆಂದು ಕೊರೆಯಲಾಗಿದೆ. ಸಮುದ್ರದಿಂದ ಇಷ್ಟು ದೂರದ ಕಲ್ಲುಗುಡ್ಡದ ಮೇಲೆ ಹಡಗುಗಳ ಈ ಮಾತು ಇರುವಾಗ, ಅದರ ಒಂದು ಪಡಿಯಚ್ಚನ್ನಾದರೂ ಮಳಿಗೆಯ ಬಾಗಿಲಿಗೆ ಹಾಕಬಹುದಾಗಿತ್ತು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಭಾವಚಿತ್ರಕ್ಕೆ ಹಾರ ಹಾಕಿ ಉದ್ಘಾಟನೆ ಮಾಡಿದ್ದು ಸರಿಯಾಗಿತ್ತು. ಆದರೆ ಆ ಬಳಿಕದ ಸ್ವಾಗತ, ಸನ್ಮಾನ, ಶಾಲು ಹೊದಿಸುವಿಕೆಗಳು ಊಟದ ಹೊತ್ತನ್ನೂ ನುಂಗಿದವು.

ಭಾನುವಾರ ಬೆಳಿಗ್ಗೆಯ ಚರ್ಚೆಯನ್ನು ತಪ್ಪಿಸಿಕೊಂಡವರು ಏನನ್ನೋ ಕಳೆದುಕೊಂಡರು. ಫೈಬರ್ ದೋಣಿ ಬಂದಿರುವಾಗ ಮರದ ದೋಣಿ ಏಕೆ ಬೇಕು ಎಂಬುದು ವಿಷಯ. ಹವ್ಯಾಸಿಗಳು ಪರಂಪರೆಯ ಮಾತೆತ್ತಿದರು, ಮೀನುಗಾರರು ಖರ್ಚಿನ ಮಾತೆತ್ತಿದರು. ಫೈಬರ್ ದೋಣಿ ಹಗುರ, ಸಂದು ಬಿಡುವುದಿಲ್ಲ, ಹತ್ತಿ ತುರುಕುವ ಗೋಜಿಲ್ಲ. ಮರದ ದೋಣಿಯಾದರೆ ವರ್ಷಕ್ಕೊಮ್ಮೆ ಡಾಂಬರು ಕೇಳುತ್ತದೆ, ಒಳ್ಳೆಯ ಹಲಗೆ ಕೈಗೆಟುಕುವ ಬೆಲೆಗೆ ಸಿಗುವುದಿಲ್ಲ, ದೋಣಿ ಕಟ್ಟಬಲ್ಲ ಬಡಿಗೇರರ ಮಕ್ಕಳು ಬಾಗಿಲು ಕಿಟಕಿಯ ಕೆಲಸಕ್ಕೆ ಹೋಗಿದ್ದಾರೆ. ಇನ್ನೊಂದು ಪಕ್ಷದವರು, ಫೈಬರ್ ಒಡೆದರೆ ಊರಿನಲ್ಲಿ ತೇಪೆ ಹಾಕುವವರಿಲ್ಲ, ಮರದ ದೋಣಿಯ ಒಂದು ಹಲಗೆ ಹೋದರೆ ಅದೊಂದನ್ನೇ ಬದಲಿಸಬಹುದು ಎಂದರು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಗೇ ಉಕ್ಕಿದಾಗ ರಕ್ಷಣಾ ಪಡೆಯ ರಬ್ಬರ್ ದೋಣಿಗಳು ತಲುಪುವ ಮೊದಲು ತಮ್ಮ ದೋಣಿಗಳಲ್ಲಿ ಮನೆಯ ಮುಂದಿನಿಂದಲೇ ಜನರನ್ನು ಹತ್ತಿಸಿಕೊಂಡು ಬಂದ ಕಥೆಯನ್ನು ಹಿರಿಯರೊಬ್ಬರು ಹೇಳಿದಾಗ ಚರ್ಚೆಗೆ ಬೇರೆಯೇ ತೂಕ ಬಂತು. ನಿರ್ಣಯವೆಂದು ಏನೂ ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ನೆರಳಿರುವ ಒಂದು ಸಾಮೂಹಿಕ ದೋಣಿಮನೆ ಕಟ್ಟಿ, ಅಲ್ಲಿ ದುರಸ್ತಿಯ ಸಾಮಾನು ಇಡಬೇಕೆಂಬ ಸಲಹೆಯಷ್ಟೇ ಎಲ್ಲರಿಗೂ ಒಪ್ಪಿಗೆಯಾಯಿತು. ಸರ್ಕಾರದ ದಾರಿ ಕಾಯದೆ 1989ರಲ್ಲಿ ರೈತರೇ ಹಣವನ್ನೂ ಶ್ರಮವನ್ನೂ ಹಾಕಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದ ಜಿಲ್ಲೆಯಿದು. ಒಂದು ತಗಡಿನ ಮಾಡು ದೊಡ್ಡ ಮಾತಲ್ಲ.

ದೋಣಿ ಸವಾರಿಯ ವ್ಯವಸ್ಥೆಗೆ ಮಿಶ್ರ ಅಭಿಪ್ರಾಯ. ನಡೆಸುವವರೆಲ್ಲ ಅನುಭವಿಗಳು, ಹಿನ್ನೀರಿನ ಯಾವ ಭಾಗದಲ್ಲಿ ಮುಳುಗಿದ ಗಿಡಗಳ ಬೊಡ್ಡೆಗಳಿವೆ, ಎಲ್ಲಿ ಬಲೆಗಳಿವೆ ಎಂಬುದು ಅವರಿಗೆ ಕಣ್ಣುಮುಚ್ಚಿದರೂ ಗೊತ್ತು. ಜೀವರಕ್ಷಕ ಜಾಕೆಟ್ ಹಾಕದವರನ್ನು ಹತ್ತಿಸಲಿಲ್ಲ, ಇದು ಶ್ಲಾಘನೀಯ. ಆದರೆ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು. ಸಣ್ಣ ಮಕ್ಕಳಿಗೆ ಅದನ್ನೇ ತೊಡಿಸಿ ಹಗ್ಗ ಬಿಗಿದರೆ ನೀರಿಗೆ ಬಿದ್ದಾಗ ಮಗು ಕೆಳಕ್ಕೆ ಜಾರಿ ಜಾಕೆಟ್ ಮಾತ್ರ ತೇಲುವ ಅಪಾಯವಿದೆ. ಶನಿವಾರ ಎಂಟು ಜನಕ್ಕೆ ನಿಲ್ಲುತ್ತಿದ್ದ ದೋಣಿಗೆ ಭಾನುವಾರದ ಗದ್ದಲದಲ್ಲಿ ಹನ್ನೆರಡು ಜನ ಹತ್ತಿದರು, ತಡೆಯುವವರಿರಲಿಲ್ಲ. ವಿದ್ಯಾರ್ಥಿಗಳು ಪ್ರದರ್ಶನಕ್ಕೆಂದು ಎಳೆದ ಆ ಸುಣ್ಣದ ಗೆರೆಯನ್ನೇ ಸವಾರಿಯ ದೋಣಿಗಳಿಗೂ ಎಳೆದು, ಗೆರೆ ಮುಳುಗಿದರೆ ದೋಣಿ ಹೊರಡಬಾರದೆಂದು ಕಟ್ಟಪ್ಪಣೆ ಮಾಡಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಊಟದ ಬಗ್ಗೆ ದೂರಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಮಾದಲಿ ಶುಚಿಯಾಗಿಯೂ ಧಾರಾಳವಾಗಿಯೂ ಇದ್ದವು. ಮೀನು ಬೇಕಾದವರಿಗೆ ಬೇರೆ ಪಂಕ್ತಿಯಲ್ಲಿ ಆಗತಾನೆ ಹಿಡಿದ ಕಟ್ಲಾ ಮೀನಿನ ಸಾರು. ಶೌಚಾಲಯಗಳು ಸಾಲದಾಗಿದ್ದವು, ಹೆಂಗಸರಿಗಂತೂ ಬಹಳ ಕಷ್ಟವಾಯಿತು. ಧ್ವನಿವರ್ಧಕವನ್ನು ನೀರಿನ ಕಡೆಗೆ ತಿರುಗಿಸಿದ್ದರಿಂದ, ದೋಣಿಯಲ್ಲಿ ಕುಳಿತು ಅಂಬಿಗರ ಮಾತು ಕೇಳಬೇಕೆಂದವರಿಗೆ ಸಿನಿಮಾ ಹಾಡುಗಳು ಕೇಳಿಸಿದವು.

ಮರದ ದೋಣಿಗಳಿಗೆಂದೇ ನಡೆಯುವ ಹೆಸರಾಂತ ಕೂಟಗಳು ಹೊರದೇಶಗಳಲ್ಲಿ ಹಲವಿವೆ. ಅಮೆರಿಕದ ಪೋರ್ಟ್ ಟೌನ್‌ಸೆಂಡ್‌ನಲ್ಲಿ 1977ರಿಂದಲೂ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ 1994ರಿಂದಲೂ ನಡೆದುಕೊಂಡು ಬಂದಿವೆ. ಅಲ್ಲಿ ದೋಣಿಗಳಲ್ಲಿ ಬಹುಪಾಲು ಕಟ್ಟೆಯ ಪಕ್ಕದಲ್ಲಿ ನೀರಿನ ಮೇಲೆಯೇ ನಿಂತಿರುತ್ತವೆ, ನೋಡುವವರು ಅವುಗಳ ಬಳಿಗೆ ನಡೆದು ಹೋಗುತ್ತಾರೆ. ನಮ್ಮಲ್ಲಿ ಅಂಥ ಕಲ್ಲುಕಟ್ಟೆ ಬೇಕಾಗಿಲ್ಲ. ಖಾಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿ ತೇಲುವ ಕಾಲುದಾರಿ ಮಾಡುವುದು ಜೋಡುದೋಣಿ ಕಟ್ಟುವವರಿಗೆ ಅರ್ಧ ದಿನದ ಕೆಲಸ. ಬ್ಯಾನರನ್ನು ಬೇಕಾದರೆ ಆ ದಾರಿಯ ಕೊನೆಯಲ್ಲಿ ಕಟ್ಟಲಿ. ದಡಕ್ಕೆ ತರಲೇಬೇಕಾದ ದೋಣಿಗಳಿಗೆ ನೆರಳು, ಒದ್ದೆ ಗೋಣಿಚೀಲ ಮತ್ತು ದಿನಕ್ಕೆ ಮೂರು ಬಾರಿ ನೀರು ಚಿಮುಕಿಸುವ ಒಬ್ಬ ಹುಡುಗ ಇದ್ದರೆ ಸಾಕು.

ಮುಂದಿನ ಸಂಕ್ರಾಂತಿಗೂ ಕೂಟ ನಡೆಸುವುದಾಗಿ ಸಂಘಟಕರು ಹೇಳಿದ್ದಾರೆ. ಹೋಗುವವರು ಶನಿವಾರ ಬೆಳಿಗ್ಗೆ ಬೇಗನೆ ತಲುಪುವುದು ಒಳ್ಳೆಯದು. ಗಾಳಿ ಏಳುವ ಮೊದಲು ನೀರು ಕನ್ನಡಿಯಂತಿರುತ್ತದೆ, ಹುಟ್ಟು ಹಾಕಲು ಕಲಿಯುವವರಿಗೆ ಆ ಹೊತ್ತೇ ಸರಿ. ಹರಿಗೋಲಿನ ತರಗತಿಗೆ ಹೆಸರು ಬರೆಸುವುದು ಮೊದಲ ಕೆಲಸವಾಗಲಿ, ಹತ್ತು ಗಂಟೆಯೊಳಗೆ ಜಾಗ ತುಂಬಿಬಿಡುತ್ತದೆ. ಸಣ್ಣ ಮಕ್ಕಳಿದ್ದರೆ ಅವರ ಅಳತೆಯ ಜಾಕೆಟ್ಟನ್ನು ಮನೆಯಿಂದಲೇ ಒಯ್ಯಬೇಕು. ನವನಗರದ ಬಸ್ ನಿಲ್ದಾಣದಿಂದ ಆಟೋ ಸಿಗುತ್ತದೆ, ಆದರೆ ಸಂಜೆ ಆರರ ಮೇಲೆ ದಂಡೆಯಿಂದ ಮರಳಿ ಬರಲು ಸಿಗುವುದಿಲ್ಲವಾದ್ದರಿಂದ ಬಂದ ಆಟೋದವರ ನಂಬರನ್ನು ಇಳಿಯುವಾಗಲೇ ಬರೆದುಕೊಳ್ಳಬೇಕು.